ಡ್ರೋನ್ ಅಳೆಯುವುದು ಬದುವನ್ನು, ಗಡಿಯನ್ನಲ್ಲ

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ವಿ.ಸಿ. ನಾಲೆ ಬಯಲಿನಲ್ಲಿ ಪಹಣಿ ಪ್ರಕಾರ 2 ಎಕರೆ 18 ಗುಂಟೆ ಜಮೀನಿದೆ, ಕಬ್ಬು ಬೆಳೆಯುತ್ತೇವೆ. ಪಕ್ಕದ ಜಮೀನಿನವರು ಉಳುವಾಗಲೆಲ್ಲ ಬದು ಕೆತ್ತಿ ನಮ್ಮ ಕಡೆಗೆ ಒತ್ತುತ್ತಿದ್ದಾರೆ ಎಂಬ ಅನುಮಾನವಿದೆ. ಮೊಬೈಲ್ ಆ್ಯಪ್ ಹಿಡಿದು ಬದುವಿನ ಮೇಲೆ ಸುತ್ತು ಬಂದಾಗ 2 ಎಕರೆ 16 ಗುಂಟೆ ತೋರಿಸಿತು. ಮಾರನೆಯ ದಿನ ಸುತ್ತಿದರೆ 2 ಎಕರೆ 19! ಮದುವೆಗಳಿಗೆ ಡ್ರೋನ್ ಹಾರಿಸುವ ಮೈಸೂರಿನ ಹುಡುಗನೊಬ್ಬ, ‘ಹತ್ತು ನಿಮಿಷ ಹಾರಿಸಿ ಫೋಟೋಗ್ರಾಮೆಟ್ರಿಯಲ್ಲಿ ಮಿಲಿಮೀಟರ್ ಲೆಕ್ಕದ ನಕ್ಷೆ ಕೊಡುತ್ತೇನೆ, ಕೋರ್ಟಿನಲ್ಲೂ ನಡೆಯುತ್ತದೆ’ ಎನ್ನುತ್ತಾನೆ. ಸರ್ಕಾರವೇ ಗ್ರಾಮಠಾಣಗಳನ್ನು ಡ್ರೋನಿನಿಂದ ಅಳೆಸಿತಲ್ಲ, ಹಾಗಾದರೆ ಇದನ್ನೂ ನಂಬಬಹುದೇ? ಇನ್ನೊಂದು ವಿಷಯ. ಊರಿನ ಹಳೆಯ ಕಲ್ಯಾಣಿಯ ಜೀರ್ಣೋದ್ಧಾರ ಶುರುವಾಗಲಿದೆ. ಕಲ್ಲು ಎತ್ತುವ ಮುಂಚೆ ಅದನ್ನೂ ಹೀಗೆ ಮಾಡಿಸಿದರೆ ಉಪಯೋಗವಿದೆಯೇ? ಸಿವಿಲ್ ಡಿಪ್ಲೊಮಾ ಮುಗಿಸಿದ ನನ್ನ ಮಗ, ಎಲ್ಲ ಕ್ಷೇತ್ರಗಳಲ್ಲೂ ಇದಕ್ಕೆ ಬೇಡಿಕೆ ಇದೆ, ಸಾಲ ಮಾಡಿಯಾದರೂ ಡ್ರೋನ್ ಕೊಡಿಸಿ ಎಂದು ಹಠ ಹಿಡಿದಿದ್ದಾನೆ. ಕಲ್ಯಾಣಿಯ ನಾಲ್ಕು ಚಿತ್ರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದೇನೆ. (ಹೆಸರು ಬೇಡ)

ಉತ್ತರ: ನಿಮ್ಮ ನಿದ್ದೆ ಕೆಡಿಸಿರುವುದು ಬದು, ಮನೆಯಲ್ಲಿ ಮಾತು ಬೆಳೆಸಿರುವುದು ಮಗನ ಡ್ರೋನು. ಕಲ್ಯಾಣಿಯನ್ನು ‘ಇನ್ನೊಂದು ವಿಷಯ’ ಎಂದು ನಡುವೆ ತೂರಿಸಿದ್ದೀರಿ. ಇಪ್ಪತ್ತು ವರ್ಷ ಚಿತ್ರಗಳಿಂದ ಅಳೆಯುವ ಇದೇ ಕೆಲಸ ಮಾಡಿದ ನನಗೆ, ಈ ವಿದ್ಯೆ ನಿಮಗೆ ನಿಜವಾಗಿ ಒದಗುವುದು ಅಲ್ಲೇ ಎನಿಸುತ್ತದೆ. ಇರಲಿ, ಬದುವಿನಿಂದಲೇ ಶುರು ಮಾಡುತ್ತೇನೆ.

ಆ ಹುಡುಗನ ಮಾತನ್ನು ಬಿಡಿಸಿ ನೋಡೋಣ. ಹತ್ತು ನಿಮಿಷ ಹಾರಿಸಿದರೆ ಸಾಕು ಎಂಬುದು ನಿಜ. ಎರಡೂವರೆ ಎಕರೆಗೆ ಅಷ್ಟು ಧಾರಾಳವಾಯಿತು. ನಕ್ಷೆ ಬರುತ್ತದೆ ಎಂಬುದೂ ನಿಜ, ಕಣ್ಣಿಗೆ ಹಬ್ಬವೆನಿಸುವಂಥ ನಕ್ಷೆಯೇ ಬರುತ್ತದೆ. ಮಿಲಿಮೀಟರ್ ಲೆಕ್ಕ ಎಂಬುದು ಸುಳ್ಳು. ಕೋರ್ಟಿನಲ್ಲಿ ನಡೆಯುತ್ತದೆ ಎಂಬುದು, ಅವನು ಹೇಳುವ ಅರ್ಥದಲ್ಲಿ, ಅದೂ ಸುಳ್ಳು. ಅವನು ಮೋಸಗಾರ ಎಂದೇನೂ ನಾನು ಹೇಳುವುದಿಲ್ಲ. ಸಾಫ್ಟ್‌ವೇರು ಬಿಂದುವಿನ ನಂತರ ಮೂರು ಅಂಕಿ ತೋರಿಸುತ್ತದೆ, ಅಂಕಿ ಇದ್ದರೆ ನಿಖರತೆಯೂ ಇದೆ ಎಂದು ಅವನು ನಂಬಿಬಿಟ್ಟಿದ್ದಾನೆ. ನಾನೂ ಒಂದು ಕಾಲಕ್ಕೆ ನಂಬಿದ್ದೆ.

ಫೋಟೋಗ್ರಾಮೆಟ್ರಿ ಎಂದರೆ ಚಿತ್ರಗಳಿಂದ ಅಳತೆ ತೆಗೆಯುವುದು. ಒಂದು ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಲು ಹೋಗಿ ನೋಡಿ, ದಾರ ಸೂಜಿಯ ಮುಂದೆಯೋ ಹಿಂದೆಯೋ ಹೋಗುತ್ತದೆ. ಎರಡು ಕಣ್ಣುಗಳ ನಡುವಿನ ಆರೂವರೆ ಸೆಂಟಿಮೀಟರ್ ಅಂತರದಿಂದಲೇ ನಮಗೆ ದೂರ ತಿಳಿಯುವುದು. ಡ್ರೋನಿಗೆ ಇರುವುದು ಒಂದೇ ಕಣ್ಣಾದರೂ ಅದು ಸರಿಯುತ್ತ ಹೋಗಿ ನೂರು ಕಡೆಯಿಂದ ನೋಡುತ್ತದೆ. ಒಂದೇ ಗುರುತು, ಒಂದು ಕಲ್ಲಿನ ಮೂಲೆ ಎನ್ನಿ, ಐದಾರು ಚಿತ್ರಗಳಲ್ಲಿ ಸಿಕ್ಕಿದರೆ ಗಣಕಯಂತ್ರ ತ್ರಿಕೋನ ಕಟ್ಟಿ ಅದರ ಜಾಗವನ್ನು ಲೆಕ್ಕ ಹಾಕುತ್ತದೆ. ಅಂಥ ಲಕ್ಷಾಂತರ ಗುರುತುಗಳು ಸೇರಿದರೆ ಮೂರು ಆಯಾಮದ ರೂಪ ಸಿದ್ಧ. ಕ್ರಿಕೆಟ್ಟಿನಲ್ಲಿ ಎಲ್‌ಬಿಡಬ್ಲ್ಯೂ ತೀರ್ಮಾನಿಸಲು ಚೆಂಡಿನ ದಾರಿ ತೋರಿಸುತ್ತಾರಲ್ಲ, ಅದರ ಬುಡದಲ್ಲೂ ಇದೇ ಲೆಕ್ಕವಿದೆ: ಮೈದಾನದ ಸುತ್ತ ಹಲವು ಕ್ಯಾಮೆರಾಗಳು, ನಡುವೆ ಒಂದು ಚೆಂಡು.

ಇದರಲ್ಲೊಂದು ತೊಡಕಿದೆ. ನವರಾತ್ರಿಯಲ್ಲಿ ನಮ್ಮ ಮನೆಗಳಲ್ಲಿ ಬೊಂಬೆ ಕೂರಿಸುವಾಗ ಮಕ್ಕಳು ರಟ್ಟಿನಲ್ಲಿ ಮೈಸೂರು ಅರಮನೆ ಮಾಡಿ ಇಡುವುದುಂಟು. ಅದನ್ನು ತದ್ರೂಪಾಗಿ ಮಾಡಿದ್ದರೆ, ಅದರ ಚಿತ್ರಗಳನ್ನೂ ನಿಜವಾದ ಅರಮನೆಯ ಚಿತ್ರಗಳನ್ನೂ ಸಾಫ್ಟ್‌ವೇರಿಗೆ ಕೊಟ್ಟರೆ ಎರಡೂ ಒಂದೇ ಎನ್ನುತ್ತದೆ. ಚಿತ್ರ ರೂಪ ಹೇಳುತ್ತದೆ, ಗಾತ್ರ ಹೇಳುವುದಿಲ್ಲ. ಗಾತ್ರವನ್ನು ಹೊರಗಿನಿಂದ ಕೊಡಬೇಕು: ಅಳೆದ ಒಂದು ಕೋಲು, ಇಲ್ಲವೇ ನೆಲದಲ್ಲಿ ನಿಖರವಾಗಿ ಗುರುತಿಸಿದ ಬಿಂದುಗಳು. ಶ್ರೀರಂಗಪಟ್ಟಣದ 1799ರ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಮುಂದೆ ಇಡೀ ದೇಶವನ್ನು ತ್ರಿಕೋನಗಳಲ್ಲಿ ಅಳೆಯಲು ಹೊರಟಾಗಲೂ ಇದೇ ಕಟ್ಟುಪಾಡು ಇತ್ತು. ಕೋನಗಳನ್ನು ಬೆಟ್ಟದ ತುದಿಯಿಂದ ತುದಿಗೆ ನೋಡಿ ತೆಗೆಯಬಹುದು, ಆದರೆ ಒಂದು ಬಾಹುವನ್ನು ನೆಲದ ಮೇಲೆ ಸರಪಳಿ ಹಾಸಿಯೇ ಅಳೆಯಬೇಕು. 1802ರಲ್ಲಿ ಮದರಾಸಿನ ಹೊರಗೆ ಅವರು ಏಳೂವರೆ ಮೈಲಿ ಹಾಗೆ ಅಳೆದರು. ಇಂದಿನ ಡ್ರೋನಿಗೂ ಅಂಥದೊಂದು ಆಧಾರ ಬೇಕು. ಡ್ರೋನಿನೊಳಗಿನ ಸಾಮಾನ್ಯ ಜಿಪಿಎಸ್ ಅದನ್ನು ಕೊಡುತ್ತದೆ, ಆದರೆ ಮೀಟರುಗಟ್ಟಲೆ ತಪ್ಪಿನೊಂದಿಗೆ.

ಈಗ ನಿಮ್ಮ ಜಮೀನಿಗೆ ಬರೋಣ. ನಮ್ಮ ಸರ್ವೆಯ ಸರಪಳಿ 33 ಅಡಿ, ಹದಿನಾರು ಆಣೆ. ಸರಪಳಿ ಉದ್ದ, ಸರಪಳಿ ಅಗಲ ಸೇರಿದರೆ ಒಂದು ಗುಂಟೆ. ಮೀಟರಿನಲ್ಲಿ ಹೇಳುವುದಾದರೆ ಗುಂಟೆಗೆ 101 ಚದರ ಮೀಟರ್‌ಗಿಂತ ಕೂದಲೆಳೆ ಹೆಚ್ಚು. ನಿಮ್ಮ 98 ಗುಂಟೆ ಚೌಕಾಕಾರದಲ್ಲಿದ್ದರೆ ಹತ್ತಿರ ಹತ್ತಿರ ನೂರು ಮೀಟರಿಗೆ ನೂರು ಮೀಟರ್. ಅಂಥ ಜಮೀನಿನ ಒಂದು ಬದಿ ಒಂದು ಮೀಟರ್ ಆಚೀಚೆ ಆಯಿತೆಂದರೆ ಒಂದು ಗುಂಟೆ ಹೋಯಿತು ಅಥವಾ ಬಂತು. ಮೊಬೈಲಿನ ಜಿಪಿಎಸ್ ಬಯಲಿನಲ್ಲೂ ಮೂರು ನಾಲ್ಕು ಮೀಟರ್ ತಪ್ಪುವುದು ಮಾಮೂಲು. ಒಂದು ದಿನ 16, ಮಾರನೆಯ ದಿನ 19 ಗುಂಟೆ ಬಂದದ್ದರ ಗುಟ್ಟು ಇಷ್ಟೇ. ಆ ಎರಡು ಸಂಖ್ಯೆಗಳನ್ನೂ ಮರೆತುಬಿಡಿ, ಪಕ್ಕದವರ ಮುಂದಂತೂ ಎತ್ತಬೇಡಿ.

ಡ್ರೋನ್ ಇದಕ್ಕಿಂತ ಬಹಳ ಮೇಲು, ಸರಿಯಾಗಿ ಮಾಡಿದರೆ. ಒಂದಿಂಚಿನ ಸೆನ್ಸರ್ ಇರುವ 20 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ನೂರು ಮೀಟರ್ ಎತ್ತರದಲ್ಲಿ ಹಾರಿಸಿದರೆ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ ಸುಮಾರು 2.7 ಸೆಂಟಿಮೀಟರ್, ಅಂದರೆ ಒಂದು ಇಂಚಿಗೂ ಚೂರು ಹೆಚ್ಚು. ಚುಕ್ಕೆಯೇ ಒಂದಿಂಚು ಇರುವಾಗ ಮಿಲಿಮೀಟರ್ ಎಲ್ಲಿಂದ ಬರಬೇಕು? ಜಮೀನಿನ ಮೂಲೆಗಳಲ್ಲಿ, ನಡುವೆ, ಕಪ್ಪು ಬಿಳುಪಿನ ಗುರುತುಹಲಗೆಗಳನ್ನಿಟ್ಟು ಅವುಗಳ ಜಾಗವನ್ನು ಸರ್ವೆಯವರ ರೋವರಿನಿಂದ (ಸೆಂಟಿಮೀಟರ್ ಲೆಕ್ಕದ ಜಿಪಿಎಸ್ ಯಂತ್ರ) ಅಳೆದು ಕೊಟ್ಟಿದ್ದರೆ ಐದು ಸೆಂಟಿಮೀಟರ್ ಒಳಗಿನ ನಿಖರತೆ ಸಿಗುತ್ತದೆ. ನೂರು ಮೀಟರ್ ಬದಿಗೆ ಐದು ಸೆಂಟಿಮೀಟರ್ ಎಂದರೆ ಐದು ಚದರ ಮೀಟರ್, ಒಂದು ಆಣೆಯೂ (ಗುಂಟೆಯ ಹದಿನಾರನೇ ಒಂದು ಪಾಲು) ಆಗಲಿಲ್ಲ. ರೈತನಿಗೆ ಅದಕ್ಕಿಂತ ಹೆಚ್ಚು ಬೇಡ. ಆದರೆ ಮದುವೆ ಡ್ರೋನನ್ನು ಹಾಗೆಯೇ ಎತ್ತಿ ಹಾರಿಸಿದರೆ ನೂರು ಮೀಟರ್ ನೂರೂವರೆ ಆಗಬಹುದು. ಅಷ್ಟಕ್ಕೇ ವಿಸ್ತೀರ್ಣದಲ್ಲಿ ಶೇ 1 ಹೆಚ್ಚಿ ಒಂದು ಗುಂಟೆ ಉಬ್ಬುತ್ತದೆ. ಇಡೀ ನಕ್ಷೆ ಎರಡು ಮೂರು ಮೀಟರ್ ಪಕ್ಕಕ್ಕೆ ಜರುಗಿ ಕೂರುವುದೂ ಉಂಟು. ಆಗ ವಿಸ್ತೀರ್ಣ ಸರಿಯಾಗಿಯೇ ಕಾಣುತ್ತದೆ, ಗಡಿ ಮಾತ್ರ ಪಕ್ಕದವರ ಕಬ್ಬಿನೊಳಗೆ ಬಿದ್ದಿರುತ್ತದೆ. ಜಗಳ ಹುಟ್ಟುವುದು ಇಂಥ ನಕ್ಷೆಗಳಿಂದಲೇ.

ಕಬ್ಬು ಎಂದೆನಲ್ಲ, ಅದು ಇನ್ನೊಂದು ಅಡ್ಡಿ. ಎಂಟು ಹತ್ತು ಅಡಿ ಬೆಳೆದ ಕಬ್ಬಿನ ನಡುವೆ ಬದುವೇ ಕಾಣುವುದಿಲ್ಲ. ಕ್ಯಾಮೆರಾ ಗರಿಯನ್ನು ಅಳೆದು ಅದನ್ನೇ ನೆಲ ಎನ್ನುತ್ತದೆ, ಗಾಳಿಗೆ ತೂಗುವ ಗರಿ ಆ ಅಳತೆಯನ್ನೂ ಕೆಡಿಸುತ್ತದೆ. ಹಾರಿಸುವುದಾದರೆ ಕಟಾವಾಗಿ ತರಗು ಎತ್ತಿದ ಮೇಲೆ, ಕೂಳೆ ಚಿಗುರಿ ಮೇಲೇಳುವ ಮುಂಚೆ.

ಇಷ್ಟೆಲ್ಲ ಸರಿಯಾಗಿ ಮಾಡಿಸಿದಿರಿ ಎಂದಿಟ್ಟುಕೊಳ್ಳಿ. ಆಗಲೂ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಡ್ರೋನ್ ಇವತ್ತು ಇರುವ ಬದುವನ್ನು ಅಳೆಯುತ್ತದೆ. ಪಕ್ಕದವರು ನಿಜಕ್ಕೂ ಒತ್ತಿದ್ದರೆ, ಒತ್ತಿದ ಬದುವನ್ನೇ ಅದು ನಿಷ್ಠೆಯಿಂದ ಅಳೆದು ಕೊಡುತ್ತದೆ. ನಿಮ್ಮ ಗಡಿ ಇರುವುದು ಬದುವಿನಲ್ಲಲ್ಲ, ಮೂಲ ಸರ್ವೆಯ ಅಳತೆ ಬರೆದ ಟಿಪ್ಪಣಿಯಲ್ಲಿ, ವಿಸ್ತೀರ್ಣ ಮತ್ತು ಕಂದಾಯದ ದಾಖಲೆಯಾದ ಆಕಾರ್‌ಬಂದ್‌ನಲ್ಲಿ, ಮಣ್ಣಿನಡಿ ಹೂತುಹೋಗಿರಬಹುದಾದ ಗಡಿಯ ಬಾಂದುಕಲ್ಲಿನಲ್ಲಿ. ಟಿಪ್ಪಣಿಯ ಅಳತೆಯನ್ನು ನೆಲದ ಮೇಲೆ ಮತ್ತೆ ಕೂರಿಸಿ, ‘ಗೆರೆ ಇಲ್ಲಿ’ ಎನ್ನುವ ಅಧಿಕಾರ ಭೂಮಾಪನ ಇಲಾಖೆಯ ಭೂಮಾಪಕರಿಗೆ ಇದೆ. ನನಗೂ ಇಲ್ಲ, ಆ ಹುಡುಗನಿಗೂ ಇಲ್ಲ.

ಗ್ರಾಮಠಾಣದ ಡ್ರೋನ್ ಸರ್ವೆಯನ್ನು ಇದರ ಜೊತೆ ಬೆರೆಸಬೇಡಿ. ಅದು 2020ರ ಏಪ್ರಿಲ್‌ನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆ. ಊರೊಳಗಿನ ಮನೆ, ಹಿತ್ತಿಲುಗಳಿಗಾಗಿ ರೂಪಿಸಿದ್ದು, ವ್ಯವಸಾಯದ ಜಮೀನಿಗಲ್ಲ. ಅಲ್ಲಿಯೂ ಮೊದಲು ಬಂದದ್ದು ಡ್ರೋನಲ್ಲ, ಸುಣ್ಣ. ಮಾಲೀಕರ ಎದುರಿನಲ್ಲಿ ಗಡಿಗೆ ಸುಣ್ಣ ಎಳೆದು, ಎಲ್ಲರೂ ಹೌದೆಂದ ಮೇಲೆ ಮೇಲಿನಿಂದ ಚಿತ್ರ ತೆಗೆದರು. ಅಂದರೆ ಗಡಿ ಯಾವುದೆಂದು ಜನ ಹೇಳಿದರು, ಅದು ಎಲ್ಲಿದೆ ಎಂದು ಡ್ರೋನ್ ಬರೆದುಕೊಂಡಿತು.

ಹಾಗಾಗಿ ನಿಮಗಿರುವ ನೇರ ದಾರಿ ಹದ್ದುಬಸ್ತಿನ, ಅಂದರೆ ಗಡಿ ಗುರುತಿಸಿಕೊಡುವ, ಅರ್ಜಿ. ನಾಡಕಚೇರಿಯಲ್ಲಿ ಮೋಜಣಿಗೆ (ಅಳತೆಗೆ) ಅರ್ಜಿ ಹಾಕಿ ಶುಲ್ಕ ಕಟ್ಟಿದರೆ, ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಕೊಟ್ಟು ಭೂಮಾಪಕರು ಬಂದು ಅಳೆದು ಗಡಿ ತೋರಿಸುತ್ತಾರೆ. ಅರ್ಜಿಗೆ ಮುಂಚೆ ಎರಡು ಕಾಗದಗಳನ್ನು ನೋಡಿ. ನಿಮ್ಮ ಸರ್ವೆ ನಂಬರಿನಲ್ಲಿ ಹಲವರ ಹೆಸರಿದ್ದು ಪೋಡಿಯಾಗಿ (ಅಳೆದು ಭಾಗವಾಗಿ) ಪ್ರತ್ಯೇಕ ಹಿಸ್ಸಾ ಆಗಿಲ್ಲದಿದ್ದರೆ, ನಿಮ್ಮ ಪಾಲಿಗೆ ಮಾತ್ರ ಹದ್ದುಬಸ್ತು ಮಾಡಲು ಗೆರೆಯೇ ಇರುವುದಿಲ್ಲ. ಮೊದಲು ಪೋಡಿ ಆಗಬೇಕು. ಎರಡನೆಯದು, ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ನೆಲ, ಎಷ್ಟಿದೆ ಎಂಬುದು. ಒಟ್ಟು ವಿಸ್ತೀರ್ಣವನ್ನೂ ಖರಾಬು ಕಳೆದ ವಿಸ್ತೀರ್ಣವನ್ನೂ ಗೊಂದಲ ಮಾಡಿಕೊಂಡು ‘ಎರಡು ಗುಂಟೆ ಒತ್ತುವರಿ’ ಎಂದು ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ನೋಡಿದ್ದೇನೆ. ಆ ಎರಡು ಗುಂಟೆ ಅವರ ಜಮೀನಿನ ನಡುವಿನ ಹಳ್ಳದಲ್ಲೇ ಇತ್ತು.

ಡ್ರೋನ್ ಪೂರಾ ವ್ಯರ್ಥ ಎಂದಲ್ಲ. ಹದ್ದುಬಸ್ತಾಗಿ ಕಲ್ಲು ನೆಟ್ಟ ದಿನವೇ, ಕಲ್ಲುಗಳಿಗೆ ಸುಣ್ಣ ಬಳಿದು ಮೇಲಿನಿಂದ ಒಮ್ಮೆ ಚಿತ್ರ ತೆಗೆಸಿ ಇಟ್ಟುಕೊಳ್ಳಿ. ನಾಲ್ಕು ವರ್ಷದ ನಂತರ ಕಲ್ಲು ಮಾಯವಾದರೆ ಅಥವಾ ಬದು ಮತ್ತೆ ನಡೆಯತೊಡಗಿದರೆ ಹೋಲಿಸಲು ಒಂದು ಆಧಾರ ಇರುತ್ತದೆ. ನ್ಯಾಯಾಲಯದಲ್ಲಿ ಅದು ಪೂರಕ ಸಾಕ್ಷ್ಯ ಆಗಬಹುದು. ಅದಕ್ಕೆ ಮೂಲ ಚಿತ್ರಗಳು ಹಾಗೆಯೇ ಉಳಿದಿರಬೇಕು, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಪ್ರಮಾಣಪತ್ರವೂ ಬೇಕು. ಅದನ್ನು ನಿಮ್ಮ ವಕೀಲರು ನೋಡಿಕೊಳ್ಳುತ್ತಾರೆ. ಉಪಗ್ರಹ ಚಿತ್ರದ ಮೇಲೆ ಗೆರೆ ಎಳೆದು ಮುದ್ರಿಸಿ ಕೊಡುವ ನಕ್ಷೆಗೆ ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡಿ.

ಇನ್ನು ಕಲ್ಯಾಣಿ. ಇದಕ್ಕೆ ಡ್ರೋನೂ ಬೇಕಿಲ್ಲ. ಒಂದು ಒಳ್ಳೆಯ ಮೊಬೈಲು, ಒಂದು ಸ್ಟೀಲ್ ಟೇಪು, ಎರಡು ಬೆಳಗಿನ ತಾಳ್ಮೆ ಸಾಕು.

ಈ ವಿದ್ಯೆ ಹುಟ್ಟಿದ್ದೇ ಕಟ್ಟಡಗಳ ಸಲುವಾಗಿ ಎನ್ನಬಹುದು. ಆಲ್ಬ್ರೆಕ್ಟ್ ಮೈಡೆನ್‌ಬಾವರ್ ಎಂಬ ಜರ್ಮನ್ ವಾಸ್ತುಶಿಲ್ಪಿ 1858ರಲ್ಲಿ ವೆಟ್ಸ್ಲಾರ್ ಊರಿನ ದೊಡ್ಡ ಚರ್ಚನ್ನು ಅಳೆಯಲು ಮೇಲೆ ಹತ್ತಿ, ಬೀಳುವುದರಲ್ಲಿ ಕೂದಲೆಳೆಯಲ್ಲಿ ಉಳಿದುಕೊಂಡ. ಗೋಡೆ ಹತ್ತುವ ಬದಲು ಚಿತ್ರ ತೆಗೆದು ಅದರಲ್ಲೇ ಏಕೆ ಅಳೆಯಬಾರದು ಎಂದು ಅವನಿಗೆ ಹೊಳೆದದ್ದು ಆಗ. ಫೋಟೋಗ್ರಾಮೆಟ್ರಿ ಎಂಬ ಹೆಸರನ್ನೂ ಚಲಾವಣೆಗೆ ತಂದವನು ಅವನೇ, 1867ರಲ್ಲಿ. ಬಾಮಿಯಾನ್‌ನ ಬುದ್ಧಮೂರ್ತಿಗಳನ್ನು 2001ರಲ್ಲಿ ಸಿಡಿಸಿದ ಮೇಲೆ, 1970ರಲ್ಲಿ ಬೇರೆಯವರು ತೆಗೆದಿದ್ದ ಅಳತೆಯ ಚಿತ್ರಗಳಿಂದ ಜ್ಯೂರಿಕ್‌ನ ತಂತ್ರಜ್ಞರು ದೊಡ್ಡ ಬುದ್ಧನ ರೂಪವನ್ನು ಗಣಕಯಂತ್ರದಲ್ಲಿ ಮತ್ತೆ ಕಟ್ಟಿದರು. ನಿಮಗೆ ಹತ್ತಿರದ ಉದಾಹರಣೆ ಬೇಕಿದ್ದರೆ ಹೊಸಕನ್ನಂಬಾಡಿಗೆ ಹೋಗಿ ಬನ್ನಿ. ಕನ್ನಂಬಾಡಿ ಕಟ್ಟೆಯ ನೀರಿನಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿ ಗುಡಿಯನ್ನು ಚಿತ್ರ ತೆಗೆದು, ಕಲ್ಲುಕಲ್ಲಿಗೂ ಗುರುತು ಹಾಕಿ, ಬಿಚ್ಚಿ ತಂದು ದಡದಲ್ಲಿ ಮರುಜೋಡಿಸಿದ್ದಾರೆ. ಗುರುತು ಹಾಕದೆ ಬಿಚ್ಚಿದ್ದರೆ ಅದು ಗುಡಿಯಾಗಿ ಉಳಿಯುತ್ತಿರಲಿಲ್ಲ, ಕಲ್ಲಿನ ರಾಶಿಯಾಗುತ್ತಿತ್ತು.

ನಿಮ್ಮ ಕಲ್ಯಾಣಿಯಲ್ಲಿ ನೀರಿದ್ದರೆ ಆದಷ್ಟು ಇಳಿಸಿ. ನೀರು ಹೊಳೆಯುತ್ತದೆ, ಆಕಾಶವನ್ನು ತೋರಿಸುತ್ತದೆ, ಸಾಫ್ಟ್‌ವೇರು ಅಲ್ಲಿ ಇಲ್ಲದ ಗುಂಡಿಯನ್ನು ತೋಡುತ್ತದೆ. ಒದ್ದೆ ಕಲ್ಲೂ ಹೊಳೆಯುವುದರಿಂದ ಒಣಗಲು ಬಿಡಿ. ಮೋಡ ಮುಸುಕಿದ ದಿನ ಅತ್ಯುತ್ತಮ; ಇಲ್ಲವಾದರೆ ಬಿಸಿಲು ಮೆಟ್ಟಿಲಿಗೆ ಬೀಳುವ ಮುಂಚಿನ ಹೊತ್ತು. ಮೇಲಿನ ಸುತ್ತಿನಿಂದ ಆರಂಭಿಸಿ ಒಂದೊಂದು ಸುತ್ತಿನಲ್ಲೂ ನಡೆಯುತ್ತ, ಒಂದು ಹೆಜ್ಜೆಗೆ ಒಂದು ಚಿತ್ರದಂತೆ ಎದುರಿನ ಮೆಟ್ಟಿಲುಗಳನ್ನು ಹಿಡಿಯಿರಿ. ಒಂದು ಚಿತ್ರದ ಮುಕ್ಕಾಲು ಭಾಗ ಮುಂದಿನದರಲ್ಲೂ ಬರಬೇಕು. ಎಲ್ಲರೂ ಮಾಡುವ ತಪ್ಪೆಂದರೆ ಒಂದೇ ಕಡೆ ನಿಂತು ಮೈ ತಿರುಗಿಸುತ್ತ ಹತ್ತಾರು ಚಿತ್ರ ತೆಗೆಯುವುದು. ನಿಂತಲ್ಲೇ ತಿರುಗಿದರೆ ಕಣ್ಣು ಒಂದೇ ಆಯಿತು, ದೂರ ಹುಟ್ಟುವುದಿಲ್ಲ, ಕಾಲು ನಡೆಯಬೇಕು. ಜೂಮ್ ಮುಟ್ಟಬೇಡಿ. ಹೊರಟ ಜಾಗಕ್ಕೇ ಮರಳಿ ಬಂದು ಮೊದಲು ಹಿಡಿದ ಮೂಲೆಯನ್ನು ಮತ್ತೆ ಹಿಡಿದು ಸುತ್ತನ್ನು ಮುಗಿಸಿ. ಸಾಧಾರಣ ಕಲ್ಯಾಣಿಗೆ ಆರುನೂರು ಎಂಟುನೂರು ಚಿತ್ರ ಬೇಕಾಗಬಹುದು. ಮಂಟಪ ಇದ್ದರೆ ಅದಕ್ಕೆ ಪ್ರತ್ಯೇಕ, ಕಂಬದ ಸುತ್ತಲೂ.

ಅಳತೆಗೆ, ಎರಡು ಮೀಟರ್ ಉದ್ದದ ನಾಲ್ಕು ಮರದ ಪಟ್ಟಿಗಳಿಗೆ ತುದಿಯಲ್ಲಿ ಗುರುತು ಹಾಕಿ ನಾಲ್ಕು ದಿಕ್ಕಿನಲ್ಲಿ ಮಲಗಿಸಿ. ಮೂರನ್ನು ಗಾತ್ರ ಕೊಡಲು ಬಳಸಿ, ನಾಲ್ಕನೆಯದನ್ನು ಸಾಫ್ಟ್‌ವೇರಿಗೆ ಹೇಳದೆ ಬಚ್ಚಿಡಿ. ಕೊನೆಗೆ ಅದರ ಉದ್ದವನ್ನು ಮಾದರಿಯಲ್ಲಿ ಅಳೆದು ಎರಡು ಮೀಟರ್ ಬಂದರೆ ನಂಬಿ. ಈ ಬುದ್ಧಿ ನನಗೆ ಬಂದದ್ದು ನಷ್ಟದಿಂದ. ಮೊದಲ ವರ್ಷಗಳಲ್ಲಿ ಹೀಗೇ ಒಂದು ಕಲ್ಯಾಣಿಯ ಮಾದರಿ ಮಾಡಿದ್ದೆ. ಗಾತ್ರಕ್ಕೆಂದು ಒಂದೇ ಒಂದು ಐದು ಮೀಟರ್ ಅಳತೆ ತೆಗೆದಿದ್ದೆ, ಅಲ್ಲೇ ಯಾರದೋ ಕೈಯಲ್ಲಿದ್ದ ಬಟ್ಟೆಯ ಟೇಪಿನಿಂದ. ಬದಿಯ ಉದ್ದ ಇಪ್ಪತ್ತೆರಡು ಮೀಟರ್ ಇದ್ದದ್ದು ನನ್ನ ನಕ್ಷೆಯಲ್ಲಿ ನಲವತ್ತೈದು ಸೆಂಟಿಮೀಟರ್ ಹೆಚ್ಚು ಬಂತು. ಅದರ ಪ್ರಕಾರ ಕಡಿಸಿದ ಚಪ್ಪಡಿಗಳು ಕೂರಲಿಲ್ಲ. ವಾಪಸು ಹೋಗಿ ಆ ಟೇಪನ್ನು ಬಿಚ್ಚಿದರೆ ಮೊದಲ ಹತ್ತು ಸೆಂಟಿಮೀಟರ್ ಎಂದೋ ಹರಿದುಹೋಗಿ, ಉಳಿದ ತುದಿಗೆ ಅಚ್ಚುಕಟ್ಟಾಗಿ ಹೊಸ ಬಳೆ ಹೊಲಿದಿದ್ದರು. ಮಾದರಿ ನೋಡಲು ಮಾತ್ರ ಬಲು ಚೆಂದವಿತ್ತು.

ಕಲ್ಲು ಎತ್ತಲು ಆರಂಭಿಸಿದ ಮೇಲೂ ನಿಲ್ಲಿಸಬೇಡಿ. ಒಂದು ವರಸೆ ಎತ್ತಿದ ಕೂಡಲೇ ಒಳಗಿನ ಜಲ್ಲಿ, ಗಾರೆ, ಬೆನ್ನುಗಲ್ಲು ಕಾಣುತ್ತದೆ. ಕ್ಯಾಮೆರಾ ಕಂಡದ್ದನ್ನು ಮಾತ್ರ ಬಲ್ಲುದು, ಆ ಒಳಭಾಗ ಕಾಣುವುದು ಆಗ ಮಾತ್ರ. ಪಾಚಿ ಕೆರೆಯುವಾಗ ಅಕ್ಷರ ಕಂಡರೆ ಕೆಲಸ ನಿಲ್ಲಿಸಿ. ಸವೆದ ಶಾಸನಗಳನ್ನು ಮೂರು ಆಯಾಮದಲ್ಲಿ ಹಿಡಿದು, ಪರದೆಯ ಮೇಲೆ ಓರೆ ಬೆಳಕು ಬೀಳಿಸಿ ಓದುವ ಕೆಲಸ ಈಗ ಚೆನ್ನಾಗಿ ನಡೆಯುತ್ತಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಅಲ್ಲಿನ ಶಾಸನಗಳ ಡಿಜಿಟಲ್ ಪ್ರತಿಗಳನ್ನು ಹೀಗೆ ಮಾಡುತ್ತಿದ್ದಾರೆ. ಕಾಗದ ಒತ್ತಿ ಮಸಿ ತಟ್ಟಿ ತೆಗೆಯುವ ಪಡಿಯಚ್ಚಿನ ಕಲೆಗೆ ಮೈಸೂರು ದೊಡ್ಡ ನೆಲೆ, ಕೇಂದ್ರದ ಶಾಸನ ವಿಭಾಗ ಇಲ್ಲೇ ಇದೆ. ಹೊಸದು ಹಳೆಯದನ್ನು ಓಡಿಸುವುದಿಲ್ಲ, ಎರಡೂ ಇರಲಿ. ಕಲ್ಯಾಣಿ ಸಂರಕ್ಷಿತ ಪಟ್ಟಿಯಲ್ಲಿ ಇದೆಯೇ ಎಂದು ಮೈಸೂರಿನಲ್ಲಿರುವ ರಾಜ್ಯ ಪುರಾತತ್ತ್ವ ಇಲಾಖೆಯಲ್ಲಿ ವಿಚಾರಿಸಿ. ಇದ್ದರೆ ಅನುಮತಿ ಇಲ್ಲದೆ ಒಂದು ಕಲ್ಲನ್ನೂ ಮುಟ್ಟುವಂತಿಲ್ಲ. ಮುಜರಾಯಿಗೆ ಸೇರಿದ್ದರೆ ಅಲ್ಲಿಯೂ ಕೇಳಬೇಕು.

ಮಗ ಹೇಳುವ ‘ಎಲ್ಲ ಕ್ಷೇತ್ರಗಳಲ್ಲೂ’ ಎಂಬ ಮಾತು ಉತ್ಪ್ರೇಕ್ಷೆಯಲ್ಲ. ಇಸ್ರೊದ ಕಾರ್ಟೊಸ್ಯಾಟ್-1 ಉಪಗ್ರಹ 2005ರಿಂದ ಮುಂದಕ್ಕೊಂದು ಹಿಂದಕ್ಕೊಂದು ಕ್ಯಾಮೆರಾ ತಿರುಗಿಸಿಕೊಂಡು ದೇಶದ ಏರುತಗ್ಗುಗಳನ್ನು ಹೀಗೇ ಅಳೆಯಿತು. ಹೊಸದಾಗಿ ಹಾಕಿದ ಸೊಂಟದ ಕೀಲು ಮೂಳೆಯೊಳಗೆ ಕೂದಲಿನಷ್ಟು ಜರುಗಿದೆಯೇ ಎಂದು ತಿಳಿಯಲು, ಲೋಹದ ಪುಟ್ಟ ಮಣಿಗಳನ್ನು ಮೂಳೆಯಲ್ಲಿಟ್ಟು ಎರಡು ಕಡೆಯಿಂದ ಎಕ್ಸ್‌ರೇ ತೆಗೆದು ಅಳೆಯುವ ವಿಧಾನ ಸ್ವೀಡನ್ನಿನಲ್ಲಿ 1970ರ ದಶಕದಲ್ಲೇ ಬಂತು. ಹೆದ್ದಾರಿಯ ಅಪಘಾತದ ಜಾಗವನ್ನು ಹಲವು ದೇಶಗಳ ಪೊಲೀಸರು ಚಿತ್ರದಲ್ಲೇ ಅಳೆದುಕೊಂಡು ರಸ್ತೆಯನ್ನು ಬೇಗ ಬಿಡುತ್ತಾರೆ. ಸಿನಿಮಾ, ಆಟಗಳ ಮಾತು ಹೇಳಬೇಕಾಗಿಲ್ಲ, ಅದನ್ನು ನಿಮ್ಮ ಮಗ ನನಗಿಂತ ಚೆನ್ನಾಗಿ ಬಲ್ಲ.

ನಮ್ಮ ಮಂಡ್ಯ ಮೈಸೂರು ಸೀಮೆಯಲ್ಲಿ ಹೊಟ್ಟೆ ತುಂಬಿಸುವ ಕೆಲಸ ಬೇರೆ. ಜಲ್ಲಿ ರಾಶಿ ಎಷ್ಟು, ಕ್ವಾರಿಯಲ್ಲಿ ತೆಗೆದ ಕಲ್ಲೆಷ್ಟು, ಕೆರೆಯಿಂದ ಎತ್ತಿದ ಹೂಳೆಷ್ಟು ಎಂಬ ಲೆಕ್ಕಗಳು. ಇಲ್ಲಿಯೂ ಒಂದು ಒಳಮಾತಿದೆ: ರಾಶಿಯ ಮೇಲ್ಮೈ ಕ್ಯಾಮೆರಾಗೆ ಕಾಣುತ್ತದೆ, ತಳ ಕಾಣುವುದಿಲ್ಲ. ರಾಶಿ ಹಾಕುವ ಮೊದಲು ಅಲ್ಲಿ ಗುಂಡಿ ಇತ್ತೇ ದಿಬ್ಬ ಇತ್ತೇ ಎಂದು ಅಳೆದಿರದಿದ್ದರೆ ಘನಮೀಟರ್ ಲೆಕ್ಕವೇ ಊಹೆ. ಕಬ್ಬಿನ ಸಿಪ್ಪೆಯ ರಾಶಿಯಾದರೆ ಮಳೆ ಬಿದ್ದು ಕುಸಿದಿದೆಯೇ ಎಂಬುದರ ಮೇಲೆ ಟನ್ನು ಏರುಪೇರಾಗುತ್ತದೆ. ಎತ್ತರದ ಕೆಲಸದಲ್ಲಿ ಇನ್ನೂ ಎಚ್ಚರ ಬೇಕು. ಕನ್ನಂಬಾಡಿ ಕಟ್ಟೆ ತುಂಬಿದರೆ 124.80 ಅಡಿ ಎಂದು ನಮ್ಮಲ್ಲಿ ಮಕ್ಕಳೂ ಹೇಳುತ್ತವೆ. ಅದು ಕಟ್ಟೆಯ ತನ್ನದೇ ಸೊನ್ನೆಯಿಂದ ಎಣಿಸಿದ ಎತ್ತರ, ಸಮುದ್ರಮಟ್ಟದಿಂದಲ್ಲ. ಹಾಗೆಯೇ ಜಿಪಿಎಸ್‌ಗೆ ಇನ್ನೊಂದು ಸೊನ್ನೆ ಇದೆ. ನಮ್ಮ ಭಾಗದಲ್ಲಿ ಅದು ತೋರಿಸುವ ಎತ್ತರಕ್ಕೂ ಸಮುದ್ರಮಟ್ಟದ ಎತ್ತರಕ್ಕೂ ಎಂಬತ್ತು ಮೀಟರಿಗೂ ಹೆಚ್ಚು ವ್ಯತ್ಯಾಸ. ಇದನ್ನು ತಿಳಿಯದವನು ಕಾಲುವೆಯ ಮಟ್ಟ ಕೊಟ್ಟರೆ ನೀರು ಎತ್ತ ಹರಿಯುತ್ತದೋ ದೇವರೇ ಬಲ್ಲ.

ಆದ್ದರಿಂದ ಸಾಲ ಬೇಡ, ಈಗಲೇ ಬೇಡ. ಡ್ರೋನ್ ಹಾರಿಸುವುದು ಈ ಕೆಲಸದ ಹತ್ತರಲ್ಲಿ ಒಂದು ಪಾಲು. ಆ ಒಂದು ಪಾಲಿಗೆ ಪೈಪೋಟಿ ಅತಿ ಹೆಚ್ಚು, ದರವೂ ಇಳಿಯುತ್ತಲೇ ಇದೆ. 2021ರ ಡ್ರೋನ್ ನಿಯಮಗಳಂತೆ 250 ಗ್ರಾಂ ಮೀರಿದ ಡ್ರೋನನ್ನು ವ್ಯಾಪಾರಕ್ಕೆ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕು, ಡ್ರೋನಿಗೆ ನೋಂದಣಿ ಸಂಖ್ಯೆ ಬೇಕು, ಹಾರಿಸಲು ಮುಂಗಡ ಅನುಮತಿ ಬೇಡದ ಹಸಿರು ವಲಯದಲ್ಲೂ ಅನುಮತಿ ಇಲ್ಲದೆ 400 ಅಡಿ ದಾಟುವಂತಿಲ್ಲ. ಮಂಡಕಳ್ಳಿ ವಿಮಾನ ನಿಲ್ದಾಣ, ನೋಟು ಮುದ್ರಣಾಲಯ, ಅಣೆಕಟ್ಟೆ ಎಲ್ಲವೂ ಇರುವ ನಮ್ಮ ಸೀಮೆಯಲ್ಲಿ ಹಾರಿಸುವ ಮೊದಲು, ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದವನು ಡ್ರೋನನ್ನು ಪೊಲೀಸರ ಕೈಗೆ ಕೊಟ್ಟು ಬರುತ್ತಾನೆ. ವಿದೇಶದಿಂದ ಸಿದ್ಧ ಡ್ರೋನ್ ತರಿಸುವುದನ್ನು 2022ರಲ್ಲೇ ನಿರ್ಬಂಧಿಸಿದ್ದಾರೆ. ಅಗ್ಗಕ್ಕೆ ಸಿಗುವ ಬಿಲ್ಲಿಲ್ಲದ ಯಂತ್ರವನ್ನು ಕೊಳ್ಳಲು ಹೋಗದಿರಲಿ.

ಅವನಿಗೆ ಡಿಪ್ಲೊಮಾ ಇದೆ, ಅದೇ ಬಂಡವಾಳ. ಒಂದು ವರ್ಷ ಪರವಾನಗಿ ಇರುವ ಭೂಮಾಪಕರ ಅಥವಾ ಸರ್ವೆ ಸಂಸ್ಥೆಯವರ ಜೊತೆ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಯಂತ್ರ), ರೋವರ್ ಹಿಡಿದು ಬಿಸಿಲಲ್ಲಿ ನಿಲ್ಲಲಿ. ರಾತ್ರಿ ಓಪನ್‌ಡ್ರೋನ್‌ಮ್ಯಾಪ್, ಮೆಶ್‌ರೂಮ್‌ನಂಥ ಉಚಿತ ಸಾಫ್ಟ್‌ವೇರಿನಲ್ಲಿ ಕೈ ಪಳಗಿಸಲಿ. ಅದಕ್ಕೆ 32 ಜಿಬಿ ಮೆಮೊರಿಯ ಗಣಕಯಂತ್ರ ಬೇಕಾದೀತು, ಸಾಲ ಮಾಡಲೇಬೇಕೆಂದರೆ ಅದಕ್ಕೆ ಮಾಡಿ. ಡ್ರೋನು ಬೇಕಾದ ದಿನ ಬಾಡಿಗೆಗೆ ಸಿಗುತ್ತದೆ. ವರ್ಷದ ಕೊನೆಗೂ ಅವನ ಆಸೆ ಹೀಗೇ ಇದ್ದರೆ ಆಗ ಮಾತಾಡೋಣ. ಮೊದಲ ಪಾಠಕ್ಕೆ ನಿಮ್ಮೂರ ಕಲ್ಯಾಣಿಗಿಂತ ಒಳ್ಳೆಯ ಜಾಗ ಇಲ್ಲ.

ನೀವು ಕಳುಹಿಸಿದ ನಾಲ್ಕು ಚಿತ್ರಗಳನ್ನು ನೋಡಿದೆ. ಈಶಾನ್ಯದ ಮೂಲೆಯಲ್ಲಿ ಮೂರನೆಯ ಮೆಟ್ಟಿಲ ಕೆಳಗೆ ಗೋಡೆ ಹೊಟ್ಟೆ ಬಿಟ್ಟಂತೆ ಕಾಣುತ್ತದೆ, ಆದರೆ ಹೌದೋ ಅಲ್ಲವೋ ಹೇಳಲಾರೆ. ವಾಟ್ಸ್‌ಆ್ಯಪ್ ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಯಾವ ಲೆನ್ಸಿನಿಂದ ತೆಗೆದದ್ದು ಎಂಬ ಮಾಹಿತಿಯನ್ನೂ ಅಳಿಸಿಬಿಡುತ್ತದೆ. ಮಗ ಎಲ್ಲ ಸುತ್ತು ಮುಗಿಸಿದ ಮೇಲೆ ಮೂಲ ಚಿತ್ರಗಳನ್ನೇ ಪೆನ್‌ಡ್ರೈವಿನಲ್ಲಿ ಹಾಕಿ ಕಳುಹಿಸಲಿ, ಆ ಮೂಲೆಯನ್ನು ಮಾತ್ರ ಇನ್ನೂ ಹತ್ತಿರದಿಂದ, ಇಪ್ಪತ್ತು ಮೂವತ್ತು ಹೆಚ್ಚು ತೆಗೆಯಲಿ. ಅಲ್ಲಿಯವರೆಗೆ ಆ ಮೂಲೆಯ ಮೇಲೆ ಯಾರೂ ಜಲ್ಲಿ ಸುರಿಯದಂತೆ ನೋಡಿಕೊಳ್ಳಿ.